ಮಗುವಿನ ಎತ್ತರ

ಕೆಲವು ವರ್ಷಗಳ ಹಿಂದೆ ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ಕ್ರಿಸ್ತಜಯಂತಿಯ ಸಮಾರಂಭಕ್ಕೆ ಹೋಗುವ ಸಂದರ್ಭ ನನಗೊದಗಿತ್ತು. ಸಂಜೆ ಐದಕ್ಕೆಂದು ಹೇಳಿದ್ದ ಸಭೆ ಆರೂವರೆಯಾದರೂ ಆರಂಭವಾಗಿರಲಿಲ್ಲ. ಅದು ಆಶ್ಚರ್ಯದ ಸಂಗತಿಯೇನೂ ಅಲ್ಲ. ವೇದಿಕೆಯ ಮುಂದೆ ಹಾಸಿದ್ದ ಜಮಖಾನದ ಮೇಲೆ ಊರ ಮಕ್ಕಳು ನಾಲ್ಕು ಗಂಟೆಯಿಂದಲೇ ಸ್ಥಳ ಹಿಡಿದು ಕುಳಿತಿದ್ದುವು. ಅತಿಥಿಗಳ ಕಾರುಗಳು ಬಂದುವು. ಅತಿಥಿಗಳೊಡನೆ ಬಂದವರಿಗೆ ಕುರ್ಚಿ ಸಾಲದೆ ಹೋಯಿತು. ಸ್ವಯಂಸೇವಕರಿಬ್ಬರು ಓಡಿಬಂದು, "ಏಳ್ರೋ, ಹಿಂದಕ್ಕೆ ಹೋಗ್ರೋ" ಎಂದು ಮಕ್ಕಳನ್ನೆಬ್ಬಿಸಿ, ಜಮಖಾನ ಸುತ್ತಿ, ಆ ಜಾಗದಲ್ಲಿ ಎರಡು ಸಾಲು ಕುರ್ಚಿ ಹಾಕಿದರು. ಮಕ್ಕಳು ದೊಡ್ಡವರ ಬೆನ್ನುಗಳನ್ನು ನೋಡುತ್ತ ಹಿಂದಿನ ಗೋಡೆಗೆ ಒರಗಿ ನಿಂತುವು. ಆ ಬಳಿಕ ಮುಖ್ಯ ಭಾಷಣಕಾರರು ಎದ್ದು, ಕ್ರೈಸ್ತನಾದವನು ಮಕ್ಕಳಂತಾಗಬೇಕೆಂಬ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡಿದರು.

ಒಳ್ಳೆಯ ಭಾಷಣವೇ. ಮಗುವಿನ ಮನಸ್ಸು ಹೂವಿನಂಥದು, ಅದಕ್ಕೆ ಕಪಟವೆಂಬುದು ತಿಳಿಯದು, ಜಗಳವಾಡಿದರೂ ಮರುಕ್ಷಣ ಮರೆಯುತ್ತದೆ, ಹಗೆಯನ್ನು ಇಟ್ಟುಕೊಳ್ಳುವುದಿಲ್ಲ, ಎಲ್ಲರನ್ನೂ ನಂಬುತ್ತದೆ - ಹೀಗೆ. ಸಭೆ ತಲೆದೂಗಿತು. ನಾನೂ ತೂಗಿದೆನೆಂದೇ ನೆನಪು. ಆದರೆ ಹಿಂದಿರುಗುವ ಬಸ್ಸಿನಲ್ಲಿ ನನ್ನ ಮನಸ್ಸನ್ನು ಕೊರೆದದ್ದು ಆ ಭಾಷಣವಲ್ಲ, ಸುತ್ತಿಟ್ಟ ಆ ಜಮಖಾನ.

ಮಕ್ಕಳ ಗುಣವನ್ನು ಕುರಿತ ಈ ವರ್ಣನೆಯಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಯಾರಾದರೂ ಇದನ್ನು ಓದುತ್ತಿದ್ದರೆ ಈಗಾಗಲೇ ಮುಗುಳ್ನಗುತ್ತಿರಬೇಕು. ಸ್ಲೇಟು ಕದ್ದವನು, ಕದ್ದವನ ಮೇಲೆ ಚಾಡಿ ಹೇಳಿದವನು, ಕುಂಟುವ ಸಹಪಾಠಿಗೆ ಅಡ್ಡಹೆಸರಿಟ್ಟು ವರ್ಷವಿಡೀ ಕಾಡಿದವನು - ಎಲ್ಲರೂ ಮಕ್ಕಳೇ. ಐದನೆಯ ಶತಮಾನದ ಸಂತ ಅಗಸ್ಟೀನನು ತನ್ನ ಆತ್ಮಕಥೆಯಲ್ಲಿ, ಇನ್ನೂ ಮಾತು ಬಾರದ ಕೂಸೊಂದು ತನ್ನ ಜೊತೆಗೂಸು ಮೊಲೆಯುಣ್ಣುವುದನ್ನು ಕಂಡು ಅಸೂಯೆಯಿಂದ ಬಿಳಿಚಿಕೊಂಡು ದುರುಗುಟ್ಟಿ ನೋಡಿದುದನ್ನು ದಾಖಲಿಸಿದ್ದಾನೆ. ಮಗುವಿನ ನಿರಪರಾಧಿತ್ವವೆಲ್ಲ ಅದರ ಅಂಗಗಳ ದೌರ್ಬಲ್ಯದಲ್ಲಿದೆಯೇ ಹೊರತು ಮನಸ್ಸಿನಲ್ಲಿಲ್ಲ ಎಂಬುದು ಆತನ ತೀರ್ಮಾನ. ಇದು ತುಸು ಕಟುವಾಯಿತೆಂದು ತೋರಬಹುದು. ಆದರೆ ಯೇಸುವೂ ಮಕ್ಕಳನ್ನು ಕಣ್ಣರಳಿಸಿಯೇ ಕಂಡವನಲ್ಲ. ತನ್ನ ಕಾಲದ ಹಟಮಾರಿ ಜನಕ್ಕೆ ಉಪಮಾನ ಬೇಕಾದಾಗ, ಸಂತೆಯಲ್ಲಿ ಕುಳಿತು ಆಟ ಹೂಡಿ, ಮದುವೆಯಾಟವೂ ಒಲ್ಲೆ, ಸಾವಿನಾಟವೂ ಒಲ್ಲೆ ಎಂದು ಮುನಿಸಿಕೊಳ್ಳುವ ಮಕ್ಕಳನ್ನೇ ಅವನು ಆರಿಸಿಕೊಂಡ. ಮಕ್ಕಳ ರಗಳೆ ಅವನಿಗೆ ತಿಳಿಯದುದಲ್ಲ.

ಹಾಗಿದ್ದರೆ ಮಗುವಿನಲ್ಲಿ ಅವನು ಕಂಡುದಾದರೂ ಏನು? ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಾರ್ಕನ ಪ್ರಕಾರ ಶಿಷ್ಯರು ದಾರಿಯುದ್ದಕ್ಕೂ ವಾಗ್ವಾದ ಮಾಡಿಕೊಂಡು ಕಪೆರ್ನೌಮಿಗೆ ಬಂದರು. ವಾದದ ವಿಷಯ, ತಮ್ಮಲ್ಲಿ ಯಾರು ಹೆಚ್ಚಿನವರು ಎಂಬುದು. ಮನೆಯೊಳಗೆ ಬಂದ ಮೇಲೆ ಗುರು ಕೇಳಿದರೆ ಒಬ್ಬರ ಬಾಯಿಯಿಂದಲೂ ಉತ್ತರವಿಲ್ಲ. ಆಗ ಅವನು ಒಂದು ಮಗುವನ್ನು ಕರೆತಂದು ಅವರ ನಡುವೆ ನಿಲ್ಲಿಸಿದ. ಪ್ರಶ್ನೆ ಗುಣದ್ದಲ್ಲ, ಸ್ಥಾನದ್ದು; ಉತ್ತರವೂ ಸ್ಥಾನವನ್ನು ಕುರಿತದ್ದೇ ಆಗಿರಬೇಕಲ್ಲವೆ? ನಿರ್ಮಲ ಹೃದಯಕ್ಕೆ ನಿದರ್ಶನ ಬೇಕಾಗಿದ್ದರೆ ಬೇರೆ ಯಾರನ್ನಾದರೂ ನಿಲ್ಲಿಸಬಹುದಿತ್ತು. ಆ ಮನೆಯಲ್ಲಿ ಎಲ್ಲರಿಗಿಂತ ಕೆಳಗೆ ಯಾರ ಗಣನೆಯೋ ಅವರನ್ನು ನಡುವೆ ತಂದು ನಿಲ್ಲಿಸಿದ, ಅಷ್ಟೆ.

ಅಂದಿನ ರೋಮನ್ ಜಗತ್ತಿನಲ್ಲಿ ಮಗುವಿನ ಗಣನೆ ಎಷ್ಟು ಕೆಳಗಿತ್ತೆಂಬುದಕ್ಕೆ ಈಜಿಪ್ಟಿನ ಮರಳಿನಲ್ಲಿ ದೊರೆತ ಒಂದು ಕಾಗದ ಸಾಕ್ಷಿಯಾಗಿದೆ. ಕ್ರಿಸ್ತಪೂರ್ವ 1ರಲ್ಲಿ ಇಲಾರಿಯೋನ್ ಎಂಬ ಕೂಲಿಕಾರ ಅಲೆಕ್ಸಾಂಡ್ರಿಯದಿಂದ ತನ್ನ ಗರ್ಭಿಣಿ ಹೆಂಡತಿಗೆ ಬರೆದುದು. ಸಂಬಳ ಬಂದೊಡನೆ ಕಳುಹಿಸುತ್ತೇನೆ, ಮನೆಯ ಕೂಸನ್ನು ಜೋಪಾನ ಮಾಡು ಎಂದು ಪ್ರೀತಿಯಿಂದಲೇ ಬರೆದವನು, ಅದೇ ಉಸಿರಿನಲ್ಲಿ, ಹುಟ್ಟುವುದು ಗಂಡಾದರೆ ಉಳಿಸಿಕೋ, ಹೆಣ್ಣಾದರೆ ಎಸೆದುಬಿಡು ಎನ್ನುತ್ತಾನೆ. ಅವನು ಕ್ರೂರಿಯಲ್ಲ, ಕಾಗದದ ಧಾಟಿಯಿಂದ ಹಾಗೆ ಕಾಣುವುದಿಲ್ಲ. ಮಗುವೆಂಬುದು ತಂದೆ ಎತ್ತಿಕೊಂಡರೆ ಮನುಷ್ಯ, ಎತ್ತಿಕೊಳ್ಳದಿದ್ದರೆ ಕಸ ಎಂಬುದು ಆ ಲೋಕದ ಸಾಮಾನ್ಯ ಪದ್ಧತಿಯಾಗಿತ್ತು. (ನಮ್ಮ ನಾಡಿನಲ್ಲಿ ಭ್ರೂಣದ ಲಿಂಗಪತ್ತೆಯನ್ನು ತಡೆಯಲು 1994ರಲ್ಲಿ ಕಾನೂನು ಮಾಡಬೇಕಾಗಿ ಬಂದುದನ್ನು ನೆನೆದರೆ ಇಲಾರಿಯೋನನ ಮೇಲೆ ಬೆರಳು ತೋರಿಸುವ ಉತ್ಸಾಹ ತಗ್ಗುತ್ತದೆ.) ಯೆಹೂದ್ಯರು ಮಕ್ಕಳನ್ನು ಎಸೆಯುತ್ತಿರಲಿಲ್ಲವೆಂಬುದು ನಿಜ. ಆದರೂ ಮಕ್ಕಳನ್ನು ಆಶೀರ್ವಾದಕ್ಕೆಂದು ತಂದವರನ್ನು ಶಿಷ್ಯರು ಗದರಿಸಿ ಅಟ್ಟಿದರೆಂದು ಸುವಾರ್ತೆಯೇ ಹೇಳುತ್ತದೆ. ಜಮಖಾನ ಸುತ್ತುವವರು ಆಗಲೂ ಇದ್ದರು.

ಆ ಸಂದರ್ಭದಲ್ಲಿ ಲೂಕನು ಬಳಸಿರುವ ಗ್ರೀಕ್ ಪದಕ್ಕೆ ಎಳೆಗೂಸು ಎಂದರ್ಥ. ಮೊಲೆಯುಣ್ಣುವ ಕೂಸಿಗೆ ವಿನಯವೆಂಬ ಸದ್ಗುಣವಿದೆಯೆನ್ನಲಾದೀತೆ? ಕ್ಷಮೆ, ಸರಳತೆ, ನಂಬಿಕೆ ಮೊದಲಾದುವನ್ನು ಅದು ಅಭ್ಯಾಸ ಮಾಡಿ ಗಳಿಸಿದೆಯೆ? ಅದು ಏನನ್ನೂ ಗಳಿಸಿಲ್ಲ. ಕೈಗಳನ್ನು ಮೇಲಕ್ಕೆ ಚಾಚುತ್ತದೆ, ಯಾರಾದರೂ ಎತ್ತಿಕೊಳ್ಳಬೇಕು. ಅಗಸ್ಟೀನನು, ಮೇಲಿನಷ್ಟು ಕಟುವಾಗಿ ಬರೆದವನೇ, ಮುಂದೆ ಒಂದು ಸೂಕ್ಷ್ಮವನ್ನು ಕಂಡಿದ್ದಾನೆ: ಕ್ರಿಸ್ತನು ಮೆಚ್ಚಿದುದು ಮಕ್ಕಳ ಸ್ವಭಾವವನ್ನಲ್ಲ, ಅವರ ಗಾತ್ರವನ್ನು, ಆ ಪುಟ್ಟ ಎತ್ತರವನ್ನು. ದೈನ್ಯದ ಗುರುತಾಗಿ ಅವನು ತೋರಿಸಿದುದು ಅದನ್ನು. ಈ ವಿಷಯವಾಗಿ ನಾನು ಓದಿದ ಮಾತುಗಳಲ್ಲೆಲ್ಲ ಇದು ಹೆಚ್ಚು ಬೆಲೆಯುಳ್ಳದ್ದೆಂದು ನನಗೆ ತೋರಿದೆ.

ಕನ್ನಡ ಬಲ್ಲವನಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ನಮ್ಮ ಅಂಗಡಿ ಬೀದಿಗಳಲ್ಲಿ 'ಹುಡುಗ' ಎಂದು ಕೂಗಿದರೆ ಯಾರು ಬರುತ್ತಾರೆ? ಅಂಗಡಿಯ ಹುಡುಗ, ಹೋಟೆಲಿನ ಹುಡುಗ. ತಲೆ ನರೆತಿದ್ದರೂ ಅವನು ಹುಡುಗನೇ. ಮನೆಮಗ, ಆಳುಮಗ ಎಂಬ ಮಾತುಗಳೂ ಇವೆ. ವಯಸ್ಸಿನ ಪದ ಅಂತಸ್ತಿನ ಪದವಾಗಿ ಇಳಿದಿರುವುದು ನಮ್ಮಲ್ಲಿ ಮಾತ್ರವಲ್ಲ. ಗ್ರೀಕಿನಲ್ಲಿ 'ಪಾಯ್ಸ್' ಎಂದರೆ ಹುಡುಗನೂ ಹೌದು, ಆಳೂ ಹೌದು. ರೋಮನ್ ಶತಾಧಿಪತಿ ತನ್ನ ಆಳಿನ ಕಾಯಿಲೆಗಾಗಿ ಯೇಸುವಿನ ಬಳಿ ಬಂದ ಕಥೆಯಲ್ಲಿ ಮತ್ತಾಯನು ಬಳಸಿರುವುದು ಈ ಪದವನ್ನೇ; ಶಿಷ್ಯರ ನಡುವೆ ನಿಂತ ಮಗುವಿಗೆ ಬಳಸಿದುದು ಇದರಿಂದಲೇ ಹುಟ್ಟಿದ ಪುಟ್ಟ ಪದ. ದೊಡ್ಡವನಾಗಬೇಕೆಂದಿದ್ದೀರಲ್ಲ, ಈ ಹುಡುಗನಾಗಿರಿ ಎಂದಂತಾಯಿತು.

ನಮ್ಮ ಸಾಹಿತ್ಯದಲ್ಲಿ ಈ ಇಳಿಯುವಿಕೆಗೆ ಸಮನಾದ ನಿದರ್ಶನವನ್ನು ಹುಡುಕಿದರೆ ನನಗೆ ಬಸವಣ್ಣನವರ ಒಂದು ವಚನ ನೆನಪಾಗುತ್ತದೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿ, ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದ ಅವರು ಅದರಲ್ಲಿ ತಮ್ಮ ಹುಟ್ಟನ್ನೇ ಬೇರೆಯಾಗಿ ಹೇಳಿಕೊಳ್ಳುತ್ತಾರೆ: ಮಾದಾರ ಚೆನ್ನಯ್ಯನ ಮನೆಯ ಆಳಿನ ಮಗನಿಗೂ ಡೋಹರ ಕಕ್ಕಯ್ಯನ ಮನೆಯ ತೊತ್ತಿನ ಮಗಳಿಗೂ ಹುಟ್ಟಿದವನು ತಾನೆಂದು. ಚೆನ್ನಯ್ಯನ ಮಗನೆಂದರೂ ಸಾಲದು. ಅವನ ಆಳಿಗೂ ಮೊಮ್ಮಗನಾಗಬೇಕು. ವಿನಯದ ಅಲಂಕಾರವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಬೆಳೆದ ಮನುಷ್ಯನು ಬುದ್ಧಿಪೂರ್ವಕವಾಗಿ ಮತ್ತೆ ಹುಟ್ಟಿ, ಸಮಾಜ ಯಾವ ಮಗುವನ್ನು ಅಂಗಳದಲ್ಲೂ ನಿಲ್ಲಗೊಡದೋ ಆ ಮಗುವಾಗುವುದು ಇದು. ಪ್ರತಿಯೊಂದು ಮಗುವೂ ವಿಶ್ವಮಾನವನಾಗಿ ಹುಟ್ಟುತ್ತದೆ, ನಾವು ಅದನ್ನು ಅಲ್ಪಮಾನವನನ್ನಾಗಿ ಮಾಡುತ್ತೇವೆ ಎಂದು ಕುವೆಂಪು ಅವರು ಹೇಳಿದುದೂ ದೊಡ್ಡ ಮಾತೇ. ಆದರೆ ಅಲ್ಲಿ ಮಗು ಆಕಾಶದಷ್ಟು ವಿಶಾಲ. ಬಸವಣ್ಣನವರ ಮಗುವಾದರೋ ನೆಲದ ಮೇಲಿದೆ. ಕಪೆರ್ನೌಮಿನ ಮಗುವಿಗೆ ಹತ್ತಿರವಾದುದು ಈ ನೆಲದ ಮಗು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ; ಅದನ್ನು ಮರೆಸಿ ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಕೆಳಗೆ ಇರು, ಚಿಕ್ಕವನಾಗಿರು ಎಂದು ಎಷ್ಟು ಶತಮಾನಗಳಿಂದ ಎಷ್ಟು ಜನಕ್ಕೆ ಹೇಳಿಲ್ಲ? ಐವತ್ತು ವರ್ಷದ ಜೀತಗಾರನನ್ನು ಹುಡುಗನೆಂದು ಕರೆದ ಸಮಾಜ ಅವನಿಗೆ ಇನ್ನೂ ಮಗುವಾಗು ಎಂದು ಉಪದೇಶಿಸಿದರೆ ಅದು ಧರ್ಮವೆ? ಗಂಡನ ಮುಂದೆ ಬಾಯಿ ಮುಚ್ಚಿಕೊಂಡಿರುವ ಹೆಂಗಸಿಗೆ, ಗುರುಗಳ ಮುಂದೆ ಕೈಕಟ್ಟಿ ನಿಂತ ಸಭೆಯವರಿಗೆ, ಮಗುವಿನ ವಿಧೇಯತೆಯನ್ನು ಹೊಗಳುವುದು ಅಧಿಕಾರದಲ್ಲಿರುವವರಿಗೆ ಬಹು ಅನುಕೂಲ. ಹಾಗೆ ಈ ವಾಕ್ಯವನ್ನು ಬಳಸಿಕೊಂಡವರೂ ಇಲ್ಲದಿಲ್ಲ. ಅದಕ್ಕೇ ಈ ಮಾತನ್ನು ಯಾರಿಗೆ ಹೇಳಿತೆಂಬುದನ್ನು ಬಿಟ್ಟು ಓದಬಾರದು. ಹೇಳಿದುದು ಆ ಮಗುವಿಗಲ್ಲ. ಮೇಲಿನ ಸ್ಥಾನಕ್ಕಾಗಿ ಜಗಳವಾಡಿಕೊಂಡು ಬಂದ ಹನ್ನೆರಡು ಮಂದಿ ಗಂಡಸರಿಗೆ. ಇಳಿಯಿರೆಂಬ ಆಜ್ಞೆ ಏರಿದವರಿಗೆ ಮತ್ತು ಏರಹೊರಟವರಿಗೆ ಮಾತ್ರ ಅನ್ವಯಿಸುತ್ತದೆ. ಮಗುವಿಗೆ ದೊರೆತುದು ಉಪದೇಶವಲ್ಲ, ಅಪ್ಪುಗೆ. ಬುದ್ಧಿಯ ಮಾತಿಗೆ ಬಂದರೆ ಪೌಲನು ಕೊರಿಂಥದ ಸಭೆಗೆ ಸ್ಪಷ್ಟವಾಗಿಯೇ ಬರೆದಿದ್ದಾನೆ: ಕೆಟ್ಟತನದಲ್ಲಿ ಕೂಸುಗಳಾಗಿದ್ದರೆ ಸರಿ, ವಿಚಾರದಲ್ಲಿ ಹಾಗಿರಕೂಡದು ಎಂಬರ್ಥದಲ್ಲಿ. ಮಗುವಿನಂತಾಗುವುದೆಂದರೆ ಪ್ರಶ್ನೆ ಕೇಳದಿರುವುದು ಎಂದು ತಿಳಿದವರು ಮೂರು ವರ್ಷದ ಮಗುವಿನೊಡನೆ ಒಂದು ಗಂಟೆ ಕಳೆದು ನೋಡಬೇಕು.

ಮೊನ್ನೆಮೊನ್ನಿನವರಲ್ಲಿ ಈ ದಾರಿಯನ್ನು ಬದುಕಿ ತೋರಿಸಿದವಳು ಫ್ರಾನ್ಸಿನ ಲಿಸ್ಯೂವಿನ ತೆರೇಸಾ. 1873ರಲ್ಲಿ ಹುಟ್ಟಿ, ಮಠದ ಗೋಡೆಗಳೊಳಗೆ ಕ್ಷಯದಿಂದ ನರಳಿ 1897ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಗ ಸಿರಿವಂತರ ಮನೆಗಳಲ್ಲಿ ಲಿಫ್ಟು ಹೊಸತಾಗಿ ಬಂದಿತ್ತು. ಪರಿಪೂರ್ಣತೆಯ ಮೆಟ್ಟಿಲುಗಳನ್ನು ಹತ್ತಲು ನನ್ನ ಕಾಲು ಬಹಳ ಚಿಕ್ಕದು, ನನಗೂ ಒಂದು ಲಿಫ್ಟು ಬೇಕು, ಅದು ಯೇಸುವಿನ ತೋಳು ಎಂದು ಅವಳು ಬರೆದಳು. ಅದಕ್ಕೆ ತಾನು ಬೆಳೆಯಬೇಕಾಗಿಲ್ಲ, ಚಿಕ್ಕವಳಾಗಿಯೇ ಉಳಿಯಬೇಕು ಎಂದೂ. ಹುಡುಗಿಯ ಭಾವುಕತೆಯೆಂದು ಇದನ್ನು ಕಂಡವರುಂಟು. 1997ರಲ್ಲಿ ಕಥೋಲಿಕ ಧರ್ಮಸಭೆ ಅವಳನ್ನು ಅಗಸ್ಟೀನನಂಥ ಪಂಡಿತರ ಸಾಲಿನಲ್ಲಿ, ಧರ್ಮಸಭೆಯ ಆಚಾರ್ಯೆಯೆಂದು ಎಣಿಸಿತು. ಚಿಕ್ಕವಳಾಗಿಯೇ ಉಳಿಯಬೇಕೆಂದವಳಿಗೆ ದೊಡ್ಡ ಬಿರುದು ಕೊಡದೆ ನಮಗೆ ಸಮಾಧಾನವಿಲ್ಲ. ಬೆಂಗಳೂರಿನ ವಿವೇಕನಗರದಲ್ಲಿ ಬಾಲಯೇಸುವಿನ ದೇವಾಲಯಕ್ಕೆ ಗುರುವಾರ ಗುರುವಾರ ಜಾತಿಮತದ ಭೇದವಿಲ್ಲದೆ ಜನ ಬರುತ್ತಾರೆ. ಆ ಭಕ್ತಿಯ ಮೂಲವಾದ ಪ್ರಾಗ್ ನಗರದ ಬಾಲಯೇಸುವಿನ ವಿಗ್ರಹ ಸುಮಾರು ಒಂದೂವರೆ ಅಡಿ ಎತ್ತರದ್ದು. 1655ರಲ್ಲಿ ಅದಕ್ಕೂ ಕಿರೀಟ ಇಟ್ಟರು.

ಎತ್ತರದ ಮಾತು ಬಂದುದರಿಂದ ಕಪಾಲಬೆಟ್ಟದ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆ ಹಳೆಯ ಕ್ರೈಸ್ತ ಗ್ರಾಮ. ಶುಭ ಶುಕ್ರವಾರದಂದು ಯೇಸುವಿನ ಯಾತನೆಯನ್ನು ನಾಟಕವಾಗಿ ಆಡುವ ಪದ್ಧತಿ ಅಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಗೊಲ್ಗೊಥಾ ಎಂಬ ಮಾತಿನ ಅರ್ಥವೂ ಕಪಾಲವೆಂದೇ; ಮಂಜೇಶ್ವರದ ಗೋವಿಂದ ಪೈಗಳ ಕಾವ್ಯವನ್ನು ಓದಿದವರಿಗೆ ಆ ಹೆಸರು ಹೊಸದಲ್ಲ. 2019ರ ಕ್ರಿಸ್‌ಮಸ್ ದಿನ ಈ ಬೆಟ್ಟದ ಮೇಲೆ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. 2020ರ ಜನವರಿಯಲ್ಲಿ ಅದನ್ನು ವಿರೋಧಿಸಿ ಕನಕಪುರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ನೆಲದ ತಕರಾರು ಕಾನೂನಿಗೆ ಬಿಟ್ಟದ್ದು; ತಮ್ಮ ದೇವರ ಮೂರ್ತಿಯನ್ನು ತಾವು ನಿಲ್ಲಿಸಿಕೊಳ್ಳುವುದು ಆ ಊರಿನವರ ಹಕ್ಕೆಂಬುದರಲ್ಲಿ ನನಗೆ ಸಂದೇಹವಿಲ್ಲ, ಅದನ್ನು ಬೆದರಿಕೆಯಿಂದ ತಡೆಯಹೊರಟುದು ಸರಿಯೆಂದೂ ನಾನು ಹೇಳಲಾರೆ. ಆದರೆ ಆ ದಿನಗಳ ಪರವಿರೋಧದ ಮಾತುಗಳಲ್ಲೆಲ್ಲ ಮೊದಲು ಕೇಳಿಬರುತ್ತಿದ್ದುದು 114 ಎಂಬ ಆ ಅಂಕಿ. ಇದೇ ಸೀಮೆಯ ಮಾಗಡಿಯೊಡನೆ ಹೆಸರು ಬೆಸೆದುಕೊಂಡಿರುವ ಕೆಂಪೇಗೌಡರಿಗೆ 2022ರಲ್ಲಿ ವಿಮಾನ ನಿಲ್ದಾಣದ ಬಳಿ 108 ಅಡಿಯ ಪ್ರತಿಮೆಯಾಯಿತು. ಕೆರೆ ಕಟ್ಟಿಸಿದ ನಾಡಪ್ರಭುವಿಗೆ ಎತ್ತರದ ಪ್ರತಿಮೆ ಒಪ್ಪೀತು, ಅವನು ಪ್ರಭು. ಯಾರು ಹೆಚ್ಚಿನವರೆಂಬ ಪ್ರಶ್ನೆಗೆ ಮಗುವನ್ನು ತೋರಿಸಿದವನನ್ನು ಅಡಿಗಳಲ್ಲಿ ಅಳೆಯುವಾಗ ಮಾತ್ರ ಏನೋ ತಪ್ಪಿದಂತಾಗುತ್ತದೆ. ಹಾರೋಬೆಲೆಯ ನಾಟಕದಲ್ಲಿ ಶಿಲುಬೆ ಹೊತ್ತು ಮುಗ್ಗರಿಸುವ ಒಬ್ಬ ಹಳ್ಳಿಗನ ಎತ್ತರ ಸಾಕೆಂದೇ ನನ್ನ ಅಭಿಪ್ರಾಯ.

ಮಗುವಿನಂತಾಗಬೇಕೆಂದ ಉಸಿರಿನಲ್ಲೇ ಯೇಸು ಇನ್ನೊಂದನ್ನೂ ಹೇಳಿದ. ಭಾಷಣಗಳಲ್ಲಿ ಅದು ಅಷ್ಟಾಗಿ ಕೇಳಿಬರುವುದಿಲ್ಲ. ಇಂಥ ಮಗುವನ್ನು ಸೇರಿಸಿಕೊಂಡವನು ತನ್ನನ್ನೇ ಸೇರಿಸಿಕೊಂಡಂತೆ ಎಂಬುದದು. ಈ ಭಾಗ ಬಿಟ್ಟುಹೋದರೆ ಮೊದಲ ಭಾಗ ಬರಿಯ ಮನೋಭಾವವಾಗಿ ಉಳಿಯುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನೂ ಸುತ್ತಲಿನ ನೂಲು ಬಿಚ್ಚುವ ಮನೆಗಳನ್ನೂ ಕಂಡವರಿಗೆ ಆ ಕೆಲಸ ಗೊತ್ತು. ಬೆಂದ ಗೂಡನ್ನು ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿಯನ್ನು ಹಿಡಿಯಬೇಕು. ಎಳೆಯ ಬೆರಳಿಗೆ ಎಳೆ ಬೇಗ ಸಿಕ್ಕುತ್ತದೆಂಬ ಸಮಾಧಾನ ಒಂದು ಕಾಲಕ್ಕೆ ಧಾರಾಳವಾಗಿ ಕೇಳಿಬರುತ್ತಿತ್ತು. ಜೀತವನ್ನು ಕಾನೂನು 1976ರಲ್ಲಿ ರದ್ದು ಮಾಡಿತ್ತು. ಬಾಲಕಾರ್ಮಿಕರ ವಿಷಯವಾಗಿ 1986ರಲ್ಲಿ ಇನ್ನೊಂದು ಕಾನೂನು ಬಂದಿತ್ತು. ಆದರೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮವನ್ನು ಕುರಿತು ಹೊರತಂದ ವರದಿಯಲ್ಲಿ, ತಂದೆತಾಯಿ ಪಡೆದ ಮುಂಗಡಕ್ಕೆ ಒತ್ತೆಯಾಗಿ ದುಡಿಯುತ್ತಿದ್ದ ಕರ್ನಾಟಕದ ಮಕ್ಕಳ ಮಾತುಗಳಿವೆ: ಬಿಸಿನೀರಿನಲ್ಲಿ ಸುಲಿದ ಕೈ, ಹೊಗೆ, ಹೊಡೆತ. ದಲಿತರ ಮತ್ತು ಬಡ ಮುಸಲ್ಮಾನರ ಮಕ್ಕಳೇ ಅವರಲ್ಲಿ ಹೆಚ್ಚು. 2016ರ ತಿದ್ದುಪಡಿ ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತಾದರೂ, ಶಾಲೆಯ ವೇಳೆಯ ನಂತರ ಮನೆಯ ಕಸುಬಿಗೆ ನೆರವಾಗುವುದಕ್ಕೆ ಎಡೆ ಬಿಟ್ಟಿತು. ಆ ಎಡೆ ಎಷ್ಟು ಅಗಲವಾಗಬಲ್ಲದೆಂಬುದು ಕಸುಬಿನ ಮನೆಗಳನ್ನು ಬಲ್ಲವರಿಗೆ ಗೊತ್ತು.

ಆ ಮಕ್ಕಳು ಬೆರಳದ್ದಿ ತೆಗೆದ ನೂಲಿನ ಸೀರೆಯನ್ನುಟ್ಟು, ಕ್ರಿಸ್‌ಮಸ್ಸಿನ ಇರುಳು ಗೋದಲಿಯ ಕೂಸಿಗೆ ಕೈಮುಗಿದವರು ನಮ್ಮಲ್ಲಿ ಇರಲೇಬೇಕು. ಇದನ್ನು ಯಾರ ಮೇಲೂ ಹೊರಿಸಿ ನಾನು ಹೇಳುತ್ತಿಲ್ಲ. ನನ್ನ ಮನೆಯ ಪೆಟ್ಟಿಗೆಯಲ್ಲೂ ಆ ಕಾಲದ ಎರಡು ಸೀರೆಗಳಿವೆ.

ರಾಮನಗರದಿಂದ ಮೈಸೂರಿನ ದಾರಿಯಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ಚನ್ನಪಟ್ಟಣ. ಅಲ್ಲಿ ಮಕ್ಕಳಿಗಾಗಿಯೇ ಒಂದು ಕಸುಬು ಬೆಳೆದು ನಿಂತಿದೆ. ಆಲೆ ಮರದ ತುಂಡನ್ನು ಚರಕಿಗೆ ಕೊಟ್ಟು ತಿರುಗಿಸುತ್ತ, ಉಳಿಯಿಂದ ಕಡೆದು, ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣವಾಗಿ ಕೂರುತ್ತದೆ. ಮೇಲೆ ಕೇದಗೆಯ ಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಹಿಂದಿನಿಂದ ಈ ಕೆಲಸದಲ್ಲಿ ಮುಸಲ್ಮಾನ ಕುಶಲಕರ್ಮಿಗಳದೇ ಮೇಲುಗೈ. ಒಮ್ಮೆ ಅಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ವೃದ್ಧರೊಬ್ಬರು ಗಿಲಕಿ ಮಾಡುವುದನ್ನು ನೋಡುತ್ತ ಕುಳಿತಿದ್ದೆ. ಹೊಳಪು ಕೊಟ್ಟಾದ ಮೇಲೆ ಅವರು ಅದನ್ನು ಬೆಳಕಿಗೆ ಹಿಡಿದು ನೋಡಲಿಲ್ಲ, ಬೆರಳಿನಿಂದಲೂ ಸವರಲಿಲ್ಲ. ತಮ್ಮ ತುಟಿಗಿಟ್ಟು ಒಂದು ಸುತ್ತು ಹೊರಳಿಸಿದರು. ನಾನು ನಕ್ಕೆನೆಂದು ಕಾಣುತ್ತದೆ.

"ಕೂಸು ಮೊದಲು ಬಾಯಿಗೆ ತಾನೆ ಇಡೋದು, ಸ್ವಾಮಿ" ಎಂದು ಹೇಳಿ, ಎಲ್ಲೋ ಚೂರು ತರಿಯಿದ್ದಿರಬೇಕು, ಅದನ್ನು ಮತ್ತೆ ಚರಕಿಗೆ ಕೊಟ್ಟರು.